ಸೆಂಟ್ರಿಂಗ್ ಬಿಚ್ಚೋ ದಿನ

ಬಾಂಬೋಳಿ ಆಸ್ಪತ್ರೆಗೆ ತಂದ ಮೂರನೇ ದಿನ
ಮೈದುನ ಹುಚ್ಚೀರ ಡಾಕ್ಟರ ಮುಂದ ನಿಂತು
ಕೈ ಮುಗದು ಅಂದ, ಜಗಳದ ಹಂಗ ಅಂದ:
ಕೊಯ್ದು ತಗದು ಒಗೀರಿ ಸಾಹೇಬ್ರ,
ರಕ್ತ ಬೇಕಾದ್ರ ನಾ ಕೊಡತೀನಿ.

ಡಾಕ್ಟರು ಎರಡೂ ಕೈ ಬಿಳೇ ಕೋಟಿನ ಕಿಸೇದಾಗ ಇಟ್ಟಿದ್ರು.
ಕೊಂಕಣಿಯೊಳಗ ಭಾಳ ಹೊತ್ತು ಏನೋ ಹೇಳಿದ್ರು.
ಸಿಸ್ಟರ್ ಎಸ್ಪೆರಾನ್ಸಾ, ಕಾರವಾರದಾಕಿ,
ಕನ್ನಡಕ್ಕ ತಿರುವಿದ್ಲು:
ಈಗಲ್ಲ.
ಅಷ್ಟುದ್ದ ಮಾತು ಅಷ್ಟ ಸಣ್ಣದಾತು.

ಕುಡದು ತಂದುಕೊಂಡ ಬ್ಯಾನಿ ಅಂದ್ರು ಎಲ್ಲಾರೂ,
ಬೈನಾದ ಓಣಿಯವರು, ಮುಕಾದಮ, ವಾರ್ಡಿನ ಕಸ ಹೊಡಿಯಾಕಿ ಸುದ್ದಾ.
ಯಮನೂರ ಫೆನಿ ಮೂಸಿದಾಂವಲ್ಲ.
ಪಿತ್ತಕೋಶದಾಗಿಂದ ಒಂದು ಹರಳು ಜಾರಿ,
ಜ್ವಾಳದ ಕಾಳಿಗಿಂತ ಸಣ್ಣದು,
ನಾಳದ ಬಾಯಿಗೆ ಬಂದು ಕುಂತು
ಹೊಟ್ಟ್ಯಾಗಿನ ರಸ ಹೊಟ್ಟೀನ ತಿನ್ನಾಕ ಹತ್ತಿತ್ತು.

ಸಿಸ್ಟರ್ ಔಷಧಿ ಚೀಟಿ ಹಿಂದ ಬರದು ತೋರಿಸಿದ್ಲು:
ಬೆನ್ನಿಗೆ ಹತ್ತಿ, ಮೆಣಸಿನಕಾಯಿ ಹಂಗ ಅಡ್ಡ ಮಲಗೇತಿ ನೋಡು,
ಅರ್ಧ ಸತ್ತೈತಿ.
ಸತ್ತದ್ದು ಯಾವುದು ಬದುಕಿದ್ದು ಯಾವುದು
ಇನ್ನೂ ಗೆರಿ ಬಿದ್ದಿಲ್ಲ.
ಹಸೀದಾಗ ಕೈ ಹಾಕಿದ್ರ ರಕ್ತ ನಿಲ್ಲಾಂಗಿಲ್ಲ.
ನಾಲ್ಕು ವಾರ. ಸುತ್ತ ಗ್ವಾಡಿ ಕಟ್ಟಲಿ,
ಅದು ತಾನ ಕಟ್ಟಕೋತೈತಿ.

ಗ್ವಾಡಿ ಅಂದ ಕೂಡಲೆ ನನಗ ತಿಳೀತು.

ಹದಿನಾಲ್ಕು ವರ್ಷ ಬುಟ್ಟಿ ಹೊತ್ತೀನಿ ಈ ಗೋವಾದಾಗ.
ಪರ್ವರಿಯೊಳಗ ಒಂದು ಮನಿ,
ಚವತಿಗೆ ಒಳಗ ಹೋಗಬೇಕಂತ ಮಾಲಕಗ ಅವಸರ,
ಒಂಬತ್ತನೇ ದಿನಕ್ಕ ಸೆಂಟ್ರಿಂಗ್ ಬಿಚ್ಚಿಸಿದ.
ಮ್ಯಾಲ ಒಣಗಿ ಬೆಳ್ಳಗ ಕಾಣತಿತ್ತು ಸ್ಲ್ಯಾಬು.
ಒಳಗ ಹಸಿ.
ಮಲ್ಲೇಶಿ ಅಂತ ಹುಡುಗ, ಗುಳೇದಗುಡ್ಡದಾಂವ,
ತೆಳಗ ನಿಂತು ಬೀಡಿ ಹಚ್ಚಾಕತ್ತಿದ್ದ.

ಕಿಟಕಿ ಸರಳಿಗೆ ಬೈಂಡಿಂಗ್ ತಂತಿ ಕಟ್ಟಿದೆ,
ದಿನಕ್ಕೊಂದು ಸುತ್ತು.
ಸ್ಲ್ಯಾಬಿಗೆ ನೀರು ಹೊಡದಂಗ
ಹತ್ತಿ ನೆನಸಿ ತುಟಿ ಒರಸಿದೆ.
ಮೂಗಿನಾಗ ನಳಿಗಿ, ಅದರಾಗ ಹಾಲಿನಂಥಾದ್ದು, ಹನಿ ಹನಿ.
ಒಮ್ಮೆ ಕಣ್ಣು ತೆಗದು ಕೇಳಿದ: ಗಿಲಾವು ಮುಗೀತೇನು?
ಯಾವ ಮನೀದು ಅಂತ ನಾ ಕೇಳಲಿಲ್ಲ.
ಮುಗೀತು ಅಂದೆ.

ಹನ್ನೆರಡನೇ ಸುತ್ತಿಗೆ ಜ್ವರ.
ಬಾಜೂ ಮಂಚದ ಬಾರ್ಜಿನ ಖಲಾಸಿ, ಅದ ಬ್ಯಾನಿ,
ಬೆಳಕು ಹರಿಯೂದರೊಳಗ ಹೋದ.
ಅವಗೂ ಕಾಯ್ರಿ ಅಂದಿದ್ರು.
ಹುಚ್ಚೀರ ನನ್ನ ಮಾರಿ ನೋಡಿದ, ನಾ ತಂತಿ ನೋಡಿದೆ.
ಕಾಯೂದು ಪುಣ್ಯದ ಕೆಲಸ ಅಂತ ಯಾರೂ ಹೇಳಬ್ಯಾಡ್ರಿ.
ಕಾದವರೆಲ್ಲಾ ಉಳಿಯಾಂಗಿಲ್ಲ.

ಇಪ್ಪತ್ತಕ್ಕ ಕೀವು ತುಂಬೇತಿ ಅಂದ್ರು.
ಈಗರ ಕೊಯ್ತೀರೇನು ಅಂದೆ.
ಆಗೂ ಚೂರಿ ತೆಗೀಲಿಲ್ಲ.
ಎಡ ಪಕ್ಕಡಿಗೆ ಒಂದು ತೂತು, ಒಂದು ಪೈಪು.
ಗುಡ್ಡ ತಡಿಯೂ ಗ್ವಾಡಿಗೆ ನಾವೂ ತೂತು ಬಿಡತೀವಿ,
ಇಲ್ಲಂದ್ರ ಮಳಿಗಾಲದಾಗ ಹಿಂದಿನ ನೀರು ಗ್ವಾಡೀನ ದೂಕತೈತಿ.
ಚೀಲಕ್ಕ ಸುರದದ್ದು ಕೆಮ್ಮಣ್ಣಿನ ರಾಡಿ ಬಣ್ಣ.

ಆ ರಾತ್ರಿ ಡಾಕ್ಟರು ಒಬ್ಬರ ಬಂದು
ಮಂಚದ ಕಾಲಕಡೆ ನಿಂತ್ರು. ಸಿಸ್ಟರ್ ಇರಲಿಲ್ಲ.
ಹರಕು ಮುರಕು ಹಿಂದಿಯೊಳಗ ತಾವ ಅಂದ್ರು:
ನಾನು ಕಲಿಯುವಾಗ ಮೊದಲನೇ ವಾರಕ್ಕ ಕೊಯ್ತಿದ್ವಿ.
ಭಾಳ ಮಂದಿ...
ಮುಂದ ಹೇಳಲಿಲ್ಲ.
ಕೈ ಮತ್ತ ಕಿಸೇದಾಗ.
ಅರಿವಿ ಒಳಗ ಬೆರಳು ಅಳ್ಳಾಡತಿದ್ದದ್ದು ನಾ ಕಂಡೆ.

ಇವತ್ತು ಮೂವತ್ತೊಂದು.
ಕಾಗದಕ್ಕ ಹೆಬ್ಬೆಟ್ಟು ಒತ್ತೀನಿ.
ಗ್ವಾಡಿ ಚೊಲೋ ಕಟ್ಟೇತಂತ ಅಂದ್ಲು ಸಿಸ್ಟರ್,
ಸತ್ತದ್ದಷ್ಟ ಬಿಡಿಸಿ ತಗೀತಾರ.
ಸ್ಟ್ರೆಚರ್ ಒಳಗ ಹೋತು. ಮ್ಯಾಲ ಕೆಂಪು ದೀಪ.

ಸೆಂಟ್ರಿಂಗ್ ಬಿಚ್ಚುವಾಗ ಮೇಸ್ತ್ರಿ
ಮೊದಲ ಒಂದ ಕಂಬ ಸರಿಸಿ
ಸುತ್ತಿಗಿಲೆ ಸ್ಲ್ಯಾಬು ಬಡದು ಕೇಳತಾನ.
ಹಸಿ ಇದ್ರ ಸದ್ದು ಬ್ಯಾರೆ.

ಹುಚ್ಚೀರ ಚಾ ತಂದಾನ. ಹಿಡದೀನಿ, ಕುಡದಿಲ್ಲ.
ಬಾಗಲಿಗೆ ಕಿವಿ ಹಚ್ಚಿ ನಿಂತೀನಿ.