ಬರೇ ಮುಟ್ರಿ

"ಒತ್ತಬ್ಯಾಡ್ರಿ ಸಿಸ್ಟರ್, ಬರೇ ಮುಟ್ರಿ"
ಅಂದ ಯಾದಗಿರಿ ಟ್ರೇನಿಂಗಿನ್ಯಾಗ ಆ ಹುಡುಗ.
ಮೀಸಿ ಈಗೀಗ ಮೂಡ್ಲಿಕತ್ತಾವ ಅವಂಗ.
ಇಪ್ಪತ್ತಾರು ವರ್ಷ ಮುಟ್ಟೇ ಅನ್ನ ತಿಂದಾಕಿ ನಾ.
ಬಸರಿ ಹೊಟ್ಟಿ ಮ್ಯಾಲ ಅಂಗೈ ಇಟ್ರ ಸಾಕು,
ತೆಲಿ ಎತ್ತಾಗದ, ಕಾಲು ಎತ್ತಾಗಾವ, ಕೈ ಹೇಳ್ತದ.
ಕೂಸಿನ ನೆತ್ತಿ ಮ್ಯಾಲಿನ ಮೆತ್ತನ ಜಾಗ,
ಬಾಣಂತಿ ಹಣಿ, ಮುದುಕರ ನಾಡಿ,
ಬಾತ ಪಾದದಾಗ ಬೆರಳು ಊರಿದ ಕುಣಿ
ಎಷ್ಟೊತ್ತಿಗೆ ತುಂಬ್ತದ ಅನ್ನೋ ಲೆಕ್ಕ,
ಎಲ್ಲಾ ಗೊತ್ತು ಈ ಬೆರಳಿಗೆ.
ಈ ಗಾಜಿಗಷ್ಟೇ ನನ್ನ ಗುರ್ತಿಲ್ಲ.

ಒಮ್ಮಿ ಮುಟ್ಟಿದ್ರ ಸತ್ತಂಗ ಸುಮ್ಕ.
ಎರಡನೇ ಸಲಕ್ಕ ಎರಡು ಮನಿ ದಾಟಿ ಹೋಗ್ತದ.
ಮೂರನೇದಕ್ಕ ಫೋಟೊ ತೆಗೀತದ,
ನನ್ನವೇ ಮೂಗಿನ ಹೊಳ್ಳಿ.
ಹದಿನೇಳು ಅದಾವ ಒಳಗ. ಅಳಿಸೋದು ಕಲಿಸಿಲ್ಲ.
ಸ್ಪಿರಿಟು, ಬ್ಲೀಚಿಂಗ್ ಪೌಡರು ತಿಂದು ತಿಂದು
ಬೆರಳಿನ ಗೆರಿ ಸವದಾವೋ ಏನೋ.
ಪಾಸ್‌ವರ್ಡ್ ಬಿ.ಪಿ. ಮಿಷನ್ನಿನ ಮುಚ್ಚಳದಾಗ ಬರದೀನಿ,
ಯಾರಿಗೂ ಹೇಳಬ್ಯಾಡ್ರಿ.

ಲಕ್ಷ್ಮಿ ಅಂತ ಬರೀಲಿಕ್ಕೆ ಹೋದ್ರ
ಲ, ಕ, ಷ, ಮ ಬಿಡಿಬಿಡಿ ನಿಲ್ತಾವ,
ಸೈದಾಪುರ ಬಸ್ಸಿಗೆ ನಿಂತ ಮಂದಿಗತೆ,
ಒಬ್ಬರಿಗೊಬ್ಬರು ಸಂಬಂಧ ಇಲ್ಲದಂಗ.
ಒತ್ತು ಹುಡುಕೋದ್ರಾಗ ಮಾರಿ ಕಪ್ಪಗ ಮಾಡಿ ನಿದ್ದಿ ಹೊಡೀತದ.
ಎಬ್ಬಿಸು, ಪಾಸ್‌ವರ್ಡ್ ಹಾಕು, ಮತ್ತ ಮೊದಲಿಂದ
ತಾಲೂಕು ಯಾವುದು, ಊರು ಯಾವುದು.
ನಿನ್ನೇನೇ ಹೇಳಿದ್ದೆನಲ್ಲೋ, ಮೊನ್ನೀನೂ ಹೇಳಿದ್ದೆ.

ರಿಜಿಸ್ಟರ್ ಇತ್ತು ನಂದು, ಕೆಂಪು ಬಟ್ಟಿ ಬೆನ್ನಿಂದು.
ತಪ್ಪಾದ್ರ ಗೀಟು ಹೊಡದು ಮ್ಯಾಲ ಬರೀತಿದ್ದೆ.
ತಪ್ಪೂ ಕಾಣ್ತಿತ್ತು, ತಿದ್ದಿದ್ದೂ ಕಾಣ್ತಿತ್ತು.

ಏಪ್ರಿಲ್ ಮಧ್ಯಾಹ್ನ, ಗಂಗಿಮಾಳಮ್ಮನ ಪಡಸಾಲಿ.
ಆರು ದಿನದ ಮೊಮ್ಮಗಳು, ಎರಡೂಮುಕ್ಕಾಲು ಕೇಜಿ.
ತೂಕ ಹಾಕೋದ್ರಾಗ ಗಾಜಿನ ಮ್ಯಾಲ ಒಂದು ಮಾತು ಬಂತು:
ಬಹಳ ಬಿಸಿಯಾಗಿದೆ, ತಣ್ಣಗಾಗುವವರೆಗೆ ಕಾಯಿರಿ.
ಯವ್ವಾ! ಇಷ್ಟು ವರ್ಷ ಈ ಬಿಸಿಲಿನ್ಯಾಗ ತಿರಗೀನಿ,
ಯಾರಿಗರೆ ಅಂದೀನೇನು ನಾ ಈ ಮಾತು?
ಲಸಿಕಿ ಡಬ್ಬಿಯ ಐಸ್ ತುಂಡು ಬಟ್ಟ್ಯಾಗ ಸುತ್ತಿ
ಬೆನ್ನಿಗೆ ಇಟ್ಟೆ, ಜ್ವರದ ಕೂಸಿಗಿಟ್ಟಂಗ.
ಗಂಗಿಮಾಳಮ್ಮ ಬೀಸಣಿಗಿ ತಂದು ಗಾಳಿ ಹಾಕಿದಳು,
ನನಗಲ್ಲ, ಅದಕ್ಕ.

ಎಚ್ಚರಾತು. ಕೂಸಿನ ಹೆಸರು ಕೇಳ್ತು.
ಪಕ್ಕಕ್ಕ ಕೆಂಪು ಚುಕ್ಕಿ. ಹೆಸರು ಹಾಕಲಾರದ ಮುಂದ ಬಿಡೂದಿಲ್ಲ.
ತೊಟ್ಟಿಲು ಇನ್ನಾ ಆಗಿಲ್ಲಪಾ ಅಂದೆ, ಗಾಜಿಗೇ.
ಗಂಗಿಮಾಳಮ್ಮ ಒಳಗಿಂದ ಕೂಗಿದಳು:
"ನಾಳಿ! ನಾಳಿ ಹೇಳ್ತೀವ್ರೀ ಬಾಯಾರ!"
ಸಿಟ್ಟಿನ್ಯಾಗ ಬರದೇಬಿಟ್ಟೆ: ನಾಳಿ.
ಒತ್ತಿಲ್ಲ ಏನಿಲ್ಲ, ಜೋಡಿಸಿಟ್ಟಂಗ ಕುಂತ್ವು ಎರಡೂ ಅಕ್ಷರ.

ಅಳಸಬೇಕಂತ ಬೆರಳು ತಂದೆ. ಒಮ್ಮಿ. ಎರಡು ಸಲ.
ತೊಡಿ ಮ್ಯಾಲಿದ್ದ ಕೂಸು ಮೈಮುರದು ಕಾಲು ಚಾಚ್ತು,
ಕಡ್ಲಿಯಷ್ಟು ಹೆಬ್ಬೆರಳು ತಾಗಿದ್ದೇ ತಡ
ಟಿಣ್ ಅಂತು.
ಸಲ್ಲಿಸಲಾಗಿದೆ. ಧನ್ಯವಾದ.
ಯಾವ ಟ್ರೇನಿಂಗಿಗೆ ಹೋಗಿತ್ತು ಇದು?

ತಿದ್ದಬೇಕಂದ್ರ ತಾಲೂಕಿನಿಂದ ಪರ್ಮಿಶನ್ ಬೇಕಂತ.
ಅರ್ಜಿ ಕೊಟ್ಟು ಮೂರು ತಿಂಗಳಾತು.
ತೊಟ್ಟಿಲದಾಗ ಭಾಗಮ್ಮ ಅಂತ ಕರದ್ರು, ಸಕ್ರಿ ಹಂಚಿದ್ರು.
ಅವರಪ್ಪನ ಫೋನಿಗೆ ಮಾತ್ರ ತಪ್ಪದ ಬರ್ತದ:
ನಿಮ್ಮ ಮಗು ನಾಳಿಗೆ ಇಂದು ಲಸಿಕೆ ಇದೆ.
ಅಂವ ಓದ್ತಾನ, ನಗ್ತಾನ, ನನ್ನ ಮುಂದ ಹಿಡೀತಾನ:
"ನಾಳಿಗೋ ಇಂದೋ, ಖರೇ ಹೇಳ್ರಿ ಸಿಸ್ಟರ್."

ಆವತ್ತು ರಾತ್ರಿ ಹಳೀ ರಿಜಿಸ್ಟರ್ ತಗದೆ,
ಯಾರೂ ಬರೀ ಅಂದಿಲ್ಲ.
ತಾರೀಖು, ತೂಕ, ತಾಯಿ ಹೆಸರು.
ಕೂಸಿನ ಹೆಸರಿನ ಮನಿ ಖಾಲಿ ಬಿಟ್ಟೆ.
ಹಾಳಿ ಏನೂ ಅನಲಿಲ್ಲ.