ಗೂಟದ ಬಿಲ್ಲೆಗಳು

ನಾನು ಬಡಗಿಯಲ್ಲ. ಕುಯ್ವಾಸ್ತು ದೋಣಿಕಟ್ಟೆಯಲ್ಲಿ
ಟಿಕೆಟು ಹರಿದುಕೊಡುವವಳು, ವಾರಕ್ಕೈದು ದಿನ.
ಆರನೆಯ ದಿನ ಅಡುಗೆಮನೆಯಲ್ಲಿ
ಹಳೆ ಪತ್ರಿಕೆ ಹಾಸಿ ಗರಗಸ ಹಿಡಿದದ್ದಕ್ಕೆ
ಕಾರಣ ಇಷ್ಟೆ: ಹೊಸ ಮೇಜು,
ಮೊದಲ ವಾರವೇ ಅದರ ಮೇಲೆ
ಬಿಸಿ ಲೋಟ ಬಿಟ್ಟುಹೋದ ಬಿಳಿ ಬಳೆ.
ಉಪ್ಪು ಹಾಕಿ ಉಜ್ಜಿದೆ, ಎಣ್ಣೆ ಸವರಿದೆ. ಹೋಗಲಿಲ್ಲ.
ಇಟ್ಟವಳು ನಾನೇ, ಬೈಯಲು ಬೇರೆ ಯಾರೂ ಇರಲಿಲ್ಲ.

ಅಂಗಡಿಯಲ್ಲಿ ಕೋಸ್ಟರು ಸಿಗುತ್ತವೆ, ಕಾರ್ಕಿನವು, ಅಗ್ಗ.
ಆದರೆ ಹಿತ್ತಿಲಲ್ಲಿ ಬಿದ್ದಿತ್ತಲ್ಲ,
ಅಕ್ಟೋಬರಿನ ಗಾಳಿಗೆ ಮಲಗಿದ ಬೇಲಿಗೂಟ,
ಜುನಿಪರ್ ಮರದ್ದು. ಕಡಕಸ್ ಅನ್ನುತ್ತೇವೆ ನಾವು,
ಹೆಸರಿನಷ್ಟೇ ಖಡಕ್ಕು.
ಈ ದ್ವೀಪದ ಸುಣ್ಣಕಲ್ಲಿನ ನೆತ್ತಿಯ ಮೇಲೆ
ತೋಳಿನ ದಪ್ಪ ಆಗಲಿಕ್ಕೇ ನೂರು ವರ್ಷ ಬೇಕು,
ಕಡಿದು ನೆಟ್ಟರೆ ಇನ್ನೊಂದು ಐವತ್ತು ನಿಲ್ಲುತ್ತದೆ.
ಸತ್ತ ಮೇಲೂ ಅವಸರವಿಲ್ಲದ ಜಾತಿ.

ಹೊರಗೆ ಬೂದಿ ಬಣ್ಣ, ಕಲ್ಲುಹೂವಿನ ಕಜ್ಜಿ.
ಗರಗಸ ಎರಡು ಸಲ ಜಾರಿತು, ಮೂರನೆಯದಕ್ಕೆ ಕಚ್ಚಿತು.
ಹಿಂದೆ ಮುಂದೆ ಹಿಂದೆ ಮುಂದೆ
ಕೆಂಪು ಹುಡಿ ಉದುರಿ
ಮನೆ ತುಂಬ ಮೆಣಸಿನ ವಾಸನೆ,
ಅಜ್ಜಿ ಬಿಯರು ಸೋಸುವಾಗ ತೊಟ್ಟಿಯ ತಳಕ್ಕೆ
ಹಾಸುತ್ತಿದ್ದ ಹಸಿ ರೆಂಬೆಯ ವಾಸನೆ.
ಇಷ್ಟು ದಿನ ಮಳೆಯಲ್ಲಿ ನಿಂತಿದ್ದಕ್ಕೆ
ಇಷ್ಟು ಉಸಿರು ಎಲ್ಲಿತ್ತು?

ಒಂದು ಬಿಲ್ಲೆ ಕಿರುಬೆರಳ ದಪ್ಪ, ಸರಿಯಾಗಿ ಬಂತು.
ಇನ್ನೊಂದು ಓರೆ, ಕುಡಿದವನು ಕೊಯ್ದ ಬ್ರೆಡ್ಡಿನ ಹಾಗೆ.
ಮರಳುಕಾಗದ ಮೊದಲು ಒರಟು, ಆಮೇಲೆ ನಯ.
ಉಜ್ಜಿದಷ್ಟೂ ಮೇಲೇಳುತ್ತವೆ ಉಂಗುರಗಳು,
ಕೂದಲೆಳೆಯ ಸಂದೂ ಬಿಡದೆ ಒತ್ತಿಕೊಂಡು.
ಎಣಿಸಲು ಕೂತೆ. ಎಂಬತ್ತು ದಾಟುವಾಗ ಫೋನು ಬಂತು.
ಐದನೆಯದರಲ್ಲಿ ಗರಗಸ ಕಿರ್ರೆಂದಿತು:
ಮೊಳೆ. ಸುತ್ತಲ ಮರಕ್ಕೆ ನೀಲಿಗಪ್ಪು ಇಳಿದಿದೆ.
ಗರಗಸದ ಹಲ್ಲೆರಡು ಅಲ್ಲಿಗೆ ಸರಿ.

ಒಟ್ಟು ಏಳು. ಅಗಸೆಯೆಣ್ಣೆ ಹಚ್ಚಿ ಒಲೆಯ ಬದಿಗಿಟ್ಟೆ.
ಏಳನೆಯದು ಮಣ್ಣಲ್ಲಿ ಹೂತಿದ್ದ ತುದಿಯದು, ಒಳಗಿನ್ನೂ ಹಸಿ,
ನಡುರಾತ್ರಿ ಟಪ್ಪೆಂದು ಸೀಳಿತು
ಅಂಚಿನಿಂದ ತಿರುಳಿನ ತನಕ.

ಶನಿವಾರ ಆರ್ವೆದ್ ಬಂದ, ಬೇಲಿಯಾಚೆಯವನು.
'ತೆರೆ' ಎಂಬುದು ನಮ್ಮ ಊರಿನ ನಮಸ್ಕಾರ;
ಹದಿನಾಲ್ಕು ವರ್ಷ ಅದೊಂದನ್ನೇ ಹೇಳಿ
ಬಾಗಿಲು ಮುಚ್ಚಿಕೊಂಡವರು ನಾವು,
ಮೊಳದಷ್ಟು ನೆಲ ಆಚೆಗೋ ಈಚೆಗೋ ಎಂದು
ಅಪ್ಪಂದಿರು ಹೊತ್ತಿಸಿಟ್ಟ ಜಗಳಕ್ಕೆ ಸೌದೆ ಒಟ್ಟುತ್ತಾ.
'ನನ್ನ ಕುರಿ ಈ ಕಡೆ ಬಂತಾ?'
ಬಂದಿತ್ತು. ಕೊನೆಯ ನಾಲ್ಕು ಎಲೆಕೋಸು ಅದರ ಹೊಟ್ಟೆಯಲ್ಲಿತ್ತು.
ಬೈಯಬೇಕಿತ್ತು. 'ಕೂರು' ಅಂದೆ.

ಬಿಯರು ಬಗ್ಗಿಸಿ ಬಿಲ್ಲೆಯ ಮೇಲಿಟ್ಟೆ.
ಅವನು ಲೋಟ ಸರಿಸಿ ಬಿಲ್ಲೆ ಎತ್ತಿದ. ಮೂಸಿದ.
ಹೆಬ್ಬೆರಳಲ್ಲಿ ಮೊಳೆಯ ಕಲೆ ಸವರಿದ.
'ಇದು ನಮ್ಮ ಗೂಟ. ಅಪ್ಪ ಹೊಡೆದ ಮೊಳೆ,
ಹಿಡಿದುಕೊಂಡಿದ್ದವನು ನಾನು.'
'ಬಿದ್ದದ್ದು ನನ್ನ ಕಡೆ.'
'ಬೇರು ಯಾವ ಕಡೆ?'
'ಗೂಟಕ್ಕೆ ಬೇರಿರುವುದಿಲ್ಲ, ಆರ್ವೆದ್.'

ಅವನು ನಕ್ಕನೋ ಕೆಮ್ಮಿದನೋ, ನೊರೆ ಮೂಗಿಗೆ ಹತ್ತಿತು.
ಆರನ್ನು ಮೂರು ಮೂರಾಗಿ ಹಂಚುವುದು ಸುಲಭ.
ಮೊಳೆಯದ್ದು ಅವನೇ ಆರಿಸಿಕೊಂಡ,
ಓರೆಯದ್ದನ್ನೂ. ಅವನ ಮೇಜೂ ಓರೆಯಂತೆ.
ಸೀಳಿದ್ದನ್ನು ಇಬ್ಬರೂ ಕೇಳಲಿಲ್ಲ,
ಎಸೆಯೋಣ ಎಂದೂ ಅನ್ನಲಿಲ್ಲ.
ಅದು ಅಲ್ಲೇ ಇದೆ, ಬಿಳಿ ಬಳೆಯ ಮೇಲೆ,
ಬಳೆಗಿಂತ ಚಿಕ್ಕದು, ಪೂರ್ತಿ ಮುಚ್ಚುವುದಿಲ್ಲ.

ಹೊಸ ಗೂಟ ಎಲ್ಲಿ ನೆಡುವುದೆಂದು
ನೋಡಲು ಹೊರಗೆ ಹೋದೆವು.
ಹಳೆಯ ಗುಂಡಿಯಲ್ಲಿ ಒಂದು ಲೋಟದಷ್ಟು ಮಳೆನೀರು.
ಎರಡು ಕಾಲು ಆಚೆ, ಎರಡು ಕಾಲು ಈಚೆ ಇಟ್ಟು
ಕುರಿ ಕುಡಿಯುತ್ತಿತ್ತು.
ಮುಗಿಸಲಿ ಎಂದು ನಿಂತೆವು.