ಊರು ಯಾದಗಿರಿ

ಡಾಕ್ಟರ್ ಸಾಹೇಬರು ಬರ್ಮಾದ ಲಡಾಯಿಗೆ ಹೋದ ಮರುದಿನ
ಕೀಲಿ ನನ್ನ ಕೈಗೆ ಬಂತು.
ನಾನು ಬರೀ ಕಂಪೌಂಡರ್.
ಊರಾಚೆ, ರೈಲಿನ ಕಟ್ಟೆಗೂ ಭೀಮೆಗೂ ನಡುವೆ
ಹನ್ನೆರಡು ಹೊರಸು, ತಗಡಿನ ಮಾಡು,
ಬಾಗಿಲಿಗೆ ಬೇವಿನ ತೊಪ್ಪಲು, ಅದರ ಮ್ಯಾಲೆ
ಉರ್ದುವಿನಲ್ಲಿ ಬರೆದ ಫಲಕ.
ಓದು ಬಾರದವರೂ ಅದನ್ನು ಕಂಡು
ಹಾದಿ ಬದಲಿಸುತ್ತಿದ್ದರು.

ತಾಲ್ಲೂಕು ಕಚೇರಿಗೆ ಬರೆದೆ: ಬ್ಲೀಚಿಂಗ್ ಪುಡಿ ತೀರಿದೆ.
ಜವಾಬು ಬಂತು: ಮಾಲೆಲ್ಲ ಫೌಜಿಗೆ.
ಬರೆದೆ: ಬಿಳಿ ಬಟ್ಟೆ, ನಲವತ್ತು ಗಜ.
ಫೌಜಿಗೆ.
ಗ್ಯಾಸಿನೆಣ್ಣೆ ಕೇಳಲಿಲ್ಲ. ಒಂದೇ ಚಿಮಣಿ ಹಚ್ಚಿ
ಹೊರಸಿನಿಂದ ಹೊರಸಿಗೆ ಒಯ್ದೆವು.
ಒಯ್ದೆವು ಅಂದರೆ, ಹುಸೇನವ್ವ ಒಯ್ದಳು.

ಕಸಬರಿಗೆ ಹಿಡಿದದ್ದಕ್ಕೆ ತಿಂಗಳಿಗೆ ಹಾಲಿ ಆರು ರೂಪಾಯಿ.
ಸಣ್ಣಾಕಿ ಇದ್ದಾಗ ಅಮ್ಮ ಬಂದು ಹೋಗಿ
ಮುಖದ ತುಂಬ ಕುಣಿ ಬಿಟ್ಟಿದ್ದಳು.
"ನನ್ನ ಪಾಲಿಂದು ತೀರ್ಯದ, ನೀವು ಹಿಂದಕ್ಕ ಸರೀರಿ ಸಾಬ್ರ"
ಅಂದು, ನಾನು ಮುಟ್ಟಲು ಅಂಜಿದ್ದನ್ನು
ಮುಟ್ಟುತ್ತಿದ್ದಳು, ಹಿಟ್ಟು ನಾದುವ ಹಂಗ.

ಒಂದು ರಾತ್ರಿ ಫೌಜಿನ ಗಾಡಿ
ನಿಲ್ಲುವ ಜಾಗವಲ್ಲದಲ್ಲಿ ನಿಂತಿತು.
ಕಂಬಳಿಯಲ್ಲಿ ಸುತ್ತಿದ್ದೊಂದನ್ನು ಕಟ್ಟೆಯ ಮೇಲಿಳಿಸಿ
ಸೀಟಿ ಸುದ್ದಾ ಊದದೆ ಹೋಯಿತು.
ಹತ್ತೊಂಬತ್ತಿರಬಹುದು. ಕೊರಳ ಬಿಲ್ಲೆ ಬಿಚ್ಚಿಕೊಂಡಿದ್ದರು.
ಮಾತು ಯಾವ ಸೀಮೆಯದೋ,
ಉರ್ದು ಅಲ್ಲ, ತೆಲುಗಲ್ಲ,
ಮಿಷನ್ನಿನ ಅಮ್ಮನವರ ಇಂಗ್ಲಿಷೂ ಅಲ್ಲ.

ನಾಕನೇ ದಿನಕ್ಕೆ ಹುಸೇನವ್ವ ಕಲಿಸಿದ್ದಳು: ನೀರು.
ಆರನೇ ದಿನಕ್ಕೆ: ಉರಿ. ಸಾಕು. ಯವ್ವಾ.
ಎಂಟನೇ ದಿನ ಅವನ ಮಾತು ಒಂದನ್ನು
ತಾನು ಕಲಿತಳು.
ಏನಂತ ಕೇಳಿದರೆ ಹೇಳಲಿಲ್ಲ.

ರಿಜಿಸ್ಟರಿನಲ್ಲಿ ಐದು ಖಾನೆ:
ಹೆಸರು, ಊರು, ಜಾತಿ, ರೋಗ, ಪರಿಣಾಮ.
ಕಡೆಯ ಎರಡು ಒಂದೇ ಉಸಿರಿಗೆ ತುಂಬಿದವು.
ಮೊದಲ ಮೂರಕ್ಕೆ ಲೇಖಣಿ ಅದ್ದಿ ಕೂತೆ.
ಮಸಿ ಒಣಗಿತು. ಮತ್ತೆ ಅದ್ದಿದೆ.

ಹುಸೇನವ್ವ ಹೊರಗೆ ಕಂಬಳಿ ಸುಡುತ್ತಿದ್ದಳು.
ಫೌಜಿನ ಉಣ್ಣೆ, ಜಲ್ದಿ ಹತ್ತವಲ್ಲದು.
ಹೊಗೆಗೆ ಕಣ್ಣು ಒರೆಸಿಕೊಂಡು, ಅಥವಾ ಹೊಗೆಯ ನೆಪಕ್ಕೆ,
ಈ ಕಡೆ ಮುಖ ತಿರುಗಿಸದೆ ಅಂದಳು:
"ಊರು ಯಾದಗಿರಿ ಅಂತ ಬರೀರಿ."

ಬರೆದೆ. ಉಳಿದೆರಡು ಹಾಗೇ ಬಿಟ್ಟೆ.
ಬೆಳಿಗ್ಗೆ ಎದ್ದು ಕಚೇರಿಗೆ ಮತ್ತೊಂದು ಕಾಗದ:
ಕಂಬಳಿ, ಒಂದು.